ಬೇಡ ಅಂದದ್ದೂ ಸರಿ, ಬೇಕು ಅನ್ನುವುದೂ ಸರಿ

ಒಮ್ಮೆ 'ಬೇಡ' ಅಂದ ಮೇಲೆ ಮುಗೀತು, ಮತ್ತೆ ಅದರ ಮುಖ ನೋಡಬಾರದು ಎಂಬ ಅಭ್ಯಾಸ ನಮ್ಮಲ್ಲಿ ಕೆಲವರಿಗೆ ಅಂಟಿಕೊಂಡಿದೆ. ಅದಕ್ಕೆ ಅವರು ಇಟ್ಟಿರುವ ಹೆಸರು ನಿಷ್ಠೆ. ಜಾತಿಯ ಪ್ರಶ್ನೆಯಲ್ಲಿ, ಭೂಮಿಯ ಪ್ರಶ್ನೆಯಲ್ಲಿ, ಅನ್ನದ ಪ್ರಶ್ನೆಯಲ್ಲಿ ಇಂಥ ನಿಷ್ಠೆ ಇರಲೇಬೇಕು. ಅಲ್ಲಿ ಗಳಿಗೆಗೊಂದು ಮಾತಾಡುವವನನ್ನು ನಾವು ನಂಬುವುದಿಲ್ಲ. ಆದರೆ ಬರೆಯುವ ಸಾಧನಕ್ಕೂ ಇದೇ ಲೆಕ್ಕ ಹಚ್ಚಿದರೆ ಅದನ್ನು ಹಟ ಅನ್ನಬೇಕಾಗುತ್ತದೆ. ಪೆನ್ನು, ಟೈಪ್‌ರೈಟರ್, ಫೋನು ಇವು ಯಾವುವೂ ಸಿದ್ಧಾಂತಗಳಲ್ಲ. ಕೆಲಸಕ್ಕೆ ಬಂದರೆ ಬೇಕು, ಬಾರದಿದ್ದರೆ ಬೇಡ. ಅದರ ಐಬು ಸರಿಹೋಯಿತೋ, ಮತ್ತೆ ಕೈಗೆ ತಗೋಬೇಕು. ಇಷ್ಟೇ.

ತೂಬಗೆರೆ, ದೊಡ್ಡಬಳ್ಳಾಪುರದ ಕಡೆಯ ಸಭೆಗಳಲ್ಲಿ ಕೂತರೆ ಎರಡು ಮಾತು ಕಿವಿಗೆ ಬೀಳುತ್ತವೆ. ಹಿರಿಯ ಕಾರ್ಯಕರ್ತರದು ಒಂದು: "ಮಿಷನ್ನಲ್ಲಿ ಕನ್ನಡ ಕೂರಲ್ಲ ಕಣಪ್ಪ. ಅಕ್ಷರ ಒಡೀತದೆ. ಇನ್ನೊಬ್ಬರಿಗೆ ಕಳಿಸಿದ್ರೆ ಕೋಳಿ ಕೆದರಿದಂಗೆ ಕಾಣ್ತದೆ. ಕೈಬರಹವೇ ವಾಸಿ." ಹಾಸ್ಟೆಲ್ ಹುಡುಗರದು ಇನ್ನೊಂದು: "ಕನ್ನಡದಲ್ಲಿ ಟೈಪ್ ಮಾಡ್ತಾ ಯಾರು ಕೂತ್ಕೋತಾರಣ್ಣ? ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡುದ್ರಾಯ್ತು. ಎಲ್ರಿಗೂ ಅರ್ಥ ಆಗ್ತದಲ್ಲ." ಹಿರಿಯರು ಹಳಬರು, ಹುಡುಗರು ಹೊಸಬರು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಇಬ್ಬರೂ ಹೇಳುತ್ತಿರುವುದು ಒಂದೇ ಮಾತು: ಈ ಸಾಧನದಲ್ಲಿ ಕನ್ನಡ ಅಕ್ಷರಕ್ಕೆ ಜಾಗ ಇಲ್ಲ. ಒಂದು ಕಾಲಕ್ಕೆ ಈ ಮಾತು ನಿಜವೇ ಆಗಿತ್ತು. ಆ ಕಾಲ ಹೋಗಿದೆ, ಮಾತು ಮಾತ್ರ ಉಳಿದಿದೆ.

ತೂಬಗೆರೆ ಹೋಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲದಲ್ಲಿ ಸೇರುವ ದನಗಳ ಜಾತ್ರೆ ನಮಗೆಲ್ಲ ಗೊತ್ತು. ಎತ್ತು ಕೊಳ್ಳಲು ಬಂದ ರೈತ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಆಮೇಲೆ ಬೆಲೆ ಮಾತಾಡುತ್ತಾನೆ. "ಇದು ಕರುವಾಗಿದ್ದಾಗ ನೊಗ ಹೊರಲಿಲ್ಲ, ಅದಕ್ಕೇ ನನಗೆ ಬೇಡ" ಅನ್ನುವ ರೈತನನ್ನು ಯಾರಾದರೂ ಕಂಡಿದ್ದೀರಾ? ದನದ ವಿಷಯದಲ್ಲಿ ಇರುವ ಬುದ್ಧಿ ಕೀಲಿಮಣೆಯ ವಿಷಯದಲ್ಲಿ ನಮಗೆ ಯಾಕೆ ಇರಬಾರದು?

ಮೊದಲು, ಅಂದು 'ಬೇಡ' ಅಂದದ್ದಕ್ಕೆ ಏನು ಕಾರಣ ಇತ್ತು ನೋಡೋಣ.

ಚಳವಳಿಯ ಕರಪತ್ರಗಳೆಲ್ಲ ಸೈಕ್ಲೋಸ್ಟೈಲ್‌ನಲ್ಲಿ ಬರುತ್ತಿದ್ದ ದಿನಗಳಲ್ಲಿ ಮೇಣ ಬಳಿದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯ ಪೆನ್ನಿನಿಂದ ಗೀರಿ ಬರೆಯಬೇಕಿತ್ತು. ಕೈ ಸ್ವಲ್ಪ ಬಿಗಿಯಾದರೆ ನಮ್ಮ ಕನ್ನಡದ ದುಂಡು ಅಕ್ಷರದ ಹೊಟ್ಟೆ ಕಿತ್ತುಬಂದು ಆ ಜಾಗದಲ್ಲಿ ಮಸಿಯ ಬೊಟ್ಟು ಬೀಳುತ್ತಿತ್ತು. ಸಡಿಲ ಬಿಟ್ಟರೆ ಅಕ್ಷರವೇ ಮೂಡದು. ಕನ್ನಡ ಟೈಪ್‌ರೈಟರ್ ಇರಲಿಲ್ಲವೇ? ಇತ್ತು. ಅನಂತಸುಬ್ಬರಾಯರು ಕನ್ನಡಕ್ಕೆ ಕೀಲಿಮಣೆ ರೂಪಿಸಿ ದೊಡ್ಡ ಉಪಕಾರ ಮಾಡಿದರು. ಆದರೆ ಅಕ್ಷರ, ಗುಣಿತ, ಒತ್ತಕ್ಷರ ಎಲ್ಲ ಸೇರಿದ ನಮ್ಮ ಲಿಪಿಯನ್ನು ನೂರಕ್ಕಿಂತ ಕಡಿಮೆ ಅಚ್ಚುಗಳಲ್ಲಿ ಹಿಡಿಸಬೇಕಿತ್ತು. ಚೂರು ಚೂರು ಜೋಡಿಸಿ ಅಕ್ಷರ ಕಟ್ಟಬೇಕು. ಬೆರಳು ಪಳಗಲು ತಿಂಗಳುಗಟ್ಟಲೆ ತಾಲ್ಲೂಕು ಕೇಂದ್ರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಫೀಸು ಕಟ್ಟಿ ಅಲೆಯಬೇಕು. ಮನೆಯಲ್ಲಿ ಒಂದು ಯಂತ್ರ ಇಟ್ಟುಕೊಳ್ಳುವ ಮಾತು ಕೂಲಿಯವರ ಮಕ್ಕಳಿಗೆ ಕನಸಲ್ಲೂ ಇರಲಿಲ್ಲ. ಕೈಬರಹವೇ ವಾಸಿ ಎಂದು ನಮ್ಮ ಹಿರಿಯರು ಅಂದದ್ದರಲ್ಲಿ ತಪ್ಪೇನಿದೆ?

ಕಂಪ್ಯೂಟರ್ ಬಂತು. ಐಬು ಬೇರೆ ರೂಪ ತಾಳಿತು, ಅಷ್ಟೆ. ಹಳೆಯ ಕನ್ನಡ ತಂತ್ರಾಂಶಗಳು ಯಂತ್ರಕ್ಕೆ ಕನ್ನಡ ಕಲಿಸಿರಲಿಲ್ಲ. ಯಂತ್ರದ ಹೊಟ್ಟೆಯೊಳಗೆ ಇಂಗ್ಲಿಷ್ ಅಕ್ಷರದ ನಂಬರುಗಳೇ ಇರುತ್ತಿದ್ದವು. ಮೇಲೆ ಮಾತ್ರ ಕನ್ನಡದ ಮುಖವಾಡ. ಆ ಮುಖವಾಡದ ಹೆಸರೇ ಫಾಂಟು. ನೀವು ಹೊಡೆದ ಅರ್ಜಿಯನ್ನು ಆ ಫಾಂಟು ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಮುಖವಾಡ ಕಳಚಿ ತಲೆಬುಡ ಇಲ್ಲದ ಇಂಗ್ಲಿಷ್ ಗುರುತುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಅಂದರೆ ಆಗದು. ಪುಟದಲ್ಲಿ ಒಂದು ಊರಿನ ಹೆಸರು ಹುಡುಕು ಅಂದರೆ ಸಿಗದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸರ್ಕಾರಿ ಕಚೇರಿಗಳ ಕನ್ನಡಕ್ಕೆ ಒಂದು ಶಿಸ್ತು ತಂದಿತು. ಅದು ಸಣ್ಣ ಕೆಲಸ ಅಲ್ಲ. ಆದರೂ ಮೊದಮೊದಲ ಆವೃತ್ತಿಗಳಲ್ಲಿ ಮುಖವಾಡದ ಐಬು ಹಾಗೇ ಉಳಿಯಿತು.

ಆಮೇಲೆ ಮೊಬೈಲು. ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಲು ಶುರು ಮಾಡಿದ್ದು ಶೋಕಿಗೆ ಅಂತ ಕೆಲವು ಸಾಹಿತಿಗಳು ಬೈದರು. ಅದು ಪೂರ್ತಿ ನ್ಯಾಯವಲ್ಲ. ಎಸ್ಸೆಮ್ಮೆಸ್ ಲೆಕ್ಕ ನೋಡಿ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಮೆಸೇಜಿಗೆ 160 ಗುರುತು. ಕನ್ನಡ ಅಕ್ಷರದಲ್ಲಾದರೆ 70 ಮಾತ್ರ. ಅದರಲ್ಲೂ 'ಕ್ಷ' ಅಂತ ಒಂದಕ್ಷರ ಬರೆದರೆ ಯಂತ್ರ ಅದನ್ನು ಮೂರು ಅಂತ ಎಣಿಸುತ್ತದೆ. ಮೆಸೇಜಿಗೆ ಇಷ್ಟು ಅಂತ ಕಾಸು ಮುರಿಯುತ್ತಿದ್ದ ಕಾಲದಲ್ಲಿ ಕನ್ನಡದವನು ಅದೇ ಮಾತಿಗೆ ಎರಡು ಮೂರು ಪಟ್ಟು ಕೊಡಬೇಕಿತ್ತು. ಅಷ್ಟು ಕೊಟ್ಟು ಕಳಿಸಿದರೂ ಎಷ್ಟೋ ಫೋನುಗಳಲ್ಲಿ ಅದು ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಜೇಬಲ್ಲಿ ಹತ್ತು ರೂಪಾಯಿ ಇರುವ ಹಾಸ್ಟೆಲ್ ಹುಡುಗ ಏನು ಮಾಡಬೇಕಿತ್ತು? ಅವನೂ ಅಂದು ಸರಿಯಾದದ್ದನ್ನೇ ಮಾಡಿದ.

ಹಾಗಾದರೆ ಬದಲಾದದ್ದು ಏನು? ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ 'ಈಗ ಎಲ್ಲ ಸರಿಹೋಗಿದೆಯಂತೆ' ಅನ್ನೋ ಅಂತೆಕಂತೆಯೇ ಆಗುತ್ತದೆ.

ಬದಲಾದದ್ದು ಬುಡ. ಯೂನಿಕೋಡ್ ಅಂತ ಒಂದು ವ್ಯವಸ್ಥೆ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಆದ, ಬೇರೆ ಯಾರಿಗೂ ಕೊಡದ ಒಂದು ನಂಬರು. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಸಿಕ್ಕಿತು. 'ಕ' ಅಕ್ಷರದ ಮನೆ ನಂಬರು 3221. 'ಷ' 3255. ಒತ್ತು ಕೊಡುವ ಗುರುತಿಗೆ 3277. ಈ ಮೂರನ್ನು ಸೇರಿಸಿದರೆ 'ಕ್ಷ'. ಈಗ 3221 ಅಂದರೆ ತೂಬಗೆರೆಯ ಫೋನಿನಲ್ಲೂ 'ಕ', ದಿಲ್ಲಿಯ ಕಂಪ್ಯೂಟರಿನಲ್ಲೂ 'ಕ', ಅಮೆರಿಕದಲ್ಲೂ 'ಕ'. ಮುಖವಾಡ ಹೋಯಿತು, ಮುಖವೇ ಬಂತು. ಫಾಂಟು ಬದಲಾದರೆ ಅಕ್ಷರದ ಅಂದ ಬದಲಾಗಬಹುದು, ಅಕ್ಷರ ಬದಲಾಗದು.

ಇದು ಒಂದೇ ದಿನದಲ್ಲಿ ನಮ್ಮ ಕೈಗೆ ಬರಲಿಲ್ಲ. 1991ರಲ್ಲಿ ನಂಬರು ಸಿಕ್ಕಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಎಂಬ ಕನ್ನಡ ಫಾಂಟು ಬಂತು. ಬಡವರ ಕೈಯಲ್ಲಿ ಹೆಚ್ಚಾಗಿ ಓಡಾಡುವ ಆಂಡ್ರಾಯ್ಡ್ ಫೋನಿಗೆ ಕನ್ನಡದ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಲೆಕ್ಕ ಹಾಕಿ: ನಂಬರು ಸಿಕ್ಕಿ ಅದು ಜೇಬಿಗೆ ಬರಲು 21 ವರ್ಷ. ಹಕ್ಕು ಕಾಗದದ ಮೇಲೆ ಬರುವುದಕ್ಕೂ ಕೇರಿಗೆ ಬರುವುದಕ್ಕೂ ಎಷ್ಟು ದೂರ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕೀಲಿಮಣೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಹಾಕಿಕೊಟ್ಟ ದಾರಿ ಬಹಳ ಸರಳ. ಕನ್ನಡದ ಎಲ್ಲ ಬರವಣಿಗೆಯನ್ನೂ ಇಂಗ್ಲಿಷಿನ 26 ಕೀಲಿಗಳಲ್ಲೇ, ಉಚ್ಚಾರಣೆಗೆ ಹತ್ತಿರವಾಗಿ ಕೂರಿಸಿದರು. ಒತ್ತು ಬೇಕಾದ ಕಡೆ 'ಎಫ್' ಕೀಲಿ. ಇದನ್ನೇ ಕರ್ನಾಟಕ ಸರ್ಕಾರ ಅಧಿಕೃತ ವಿನ್ಯಾಸವಾಗಿ ಒಪ್ಪಿತು. ನಮ್ಮ ಹುಡುಗರು "ಕನ್ನಡದಲ್ಲಿ ಹೊಡೆಯೋದು ನಿಧಾನ" ಅನ್ನುತ್ತಾರಲ್ಲ, ಒಮ್ಮೆ ಎಣಿಸಿ ನೋಡಿ. 'ಅಮ್ಮ' ಬರೆಯಲು ಎ, ಎಂ, ಎಫ್, ಎಂ. ನಾಲ್ಕು ಸಲ ಒತ್ತಿದರೆ ಮುಗೀತು. ಇಂಗ್ಲಿಷ್ ಅಕ್ಷರದಲ್ಲಿ ಅಮ್ಮ ಅಂತ ಬರೆದರೂ ನಾಲ್ಕೇ. 'ನಮಗೆ' ಬರೆಯಲು ಎನ್, ಎಂ, ಜಿ, ಇ. ನಾಲ್ಕು. ಇಂಗ್ಲಿಷ್ ಅಕ್ಷರದಲ್ಲಾದರೆ ಆರು. ಎಲ್ಲಿ ನಿಧಾನ? ಬೆರಳಿಗೆ ಅಭ್ಯಾಸ ಇಲ್ಲದ್ದನ್ನು ಭಾಷೆಯ ತಲೆಗೆ ಕಟ್ಟಬೇಡಿ ಕಣ್ರಪ್ಪ.

"ಅರ್ಥ ಆದರೆ ಸಾಕಲ್ವಾ?" ಎಂಬ ಪ್ರಶ್ನೆಗೆ ಬರೋಣ. ಯಾರಿಗೆ ಅರ್ಥ ಆದರೆ ಸಾಕು? ಹಾಸ್ಟೆಲಿನ ಗೆಳೆಯನಿಗೆ ಅರ್ಥ ಆಗುತ್ತದೆ, ಸರಿ. ರಾತ್ರಿ ಶಾಲೆಯಲ್ಲಿ ಕೂತು, ಹೊಲದ ಕೆಲಸ ಮುಗಿಸಿ ಬಂದ ಕೈಯಲ್ಲಿ ಬಳಪ ಹಿಡಿದು 'ಅ ಆ ಇ ಈ' ಕಲಿತ ನಿಮ್ಮವ್ವನಿಗೆ? ಬಸ್ಸಿನ ಬೋರ್ಡು ಓದಲು, ರೇಷನ್ ಕಾರ್ಡಿನಲ್ಲಿ ತನ್ನ ಹೆಸರು ಗುರುತು ಹಿಡಿಯಲು ಆಕೆ ಪಟ್ಟ ಪಾಡು ಕನ್ನಡ ಅಕ್ಷರದ್ದು. ತಲೆಮಾರುಗಳ ಕಾಲ ಅಕ್ಷರ ಮುಟ್ಟಬಾರದು ಅಂತ ಹೊರಗಿಟ್ಟ ಮನೆಗೆ ಬಂದ ಮೊದಲ ಅಕ್ಷರ ಅದು. ಮಗ ಇಂಗ್ಲಿಷ್ ಅಕ್ಷರದಲ್ಲಿ "ಪರೀಕ್ಷೆ ಪಾಸಾದೆ" ಅಂತ ಕಳಿಸಿದರೆ ಆ ತಾಯಿ ಪಕ್ಕದ ಮನೆಯವರ ಹತ್ತಿರ ಓದಿಸಿಕೊಳ್ಳಲು ಹೋಗಬೇಕು. ಮತ್ತೆ ಆಕೆಯನ್ನು ಅನಕ್ಷರಸ್ಥೆ ಮಾಡಿದವರು ಯಾರು? ಅಂದು ಆ ಪಾಪ ಯಂತ್ರದ್ದು. ಇಂದು ಯಂತ್ರ ಸರಿಹೋಗಿದೆ. ಇನ್ನು ಮೇಲೆ ಅದು ನಮ್ಮದು.

ಹಿರಿಯರ ಮಾತಿಗೂ ಉತ್ತರ ಕೊಡಬೇಕು. ಕೈಬರಹಕ್ಕೆ ಅದರದೇ ಬೆಲೆ ಇದೆ, ಗೋಡೆಬರಹ ಇರುವವರೆಗೂ ಇರುತ್ತದೆ. ಆದರೆ ನಡೆಯುವುದೇನು? ಕೈಯಲ್ಲಿ ಬರೆದ ಅರ್ಜಿಯನ್ನು ಮೇಜಿನಾಚೆಯವರು "ಟೈಪ್ ಮಾಡಿಸ್ಕೊಂಡು ಬಾ" ಅಂತ ವಾಪಸ್ ಕೊಡುತ್ತಾರೆ. ಹಳ್ಳಿಯವನು ಪೇಟೆಗೆ ಬಂದು ಪುಟಕ್ಕಿಷ್ಟು ಅಂತ ಕೊಟ್ಟು ಹೊಡೆಸುತ್ತಾನೆ. ದುಡ್ಡು ಹೋದರೆ ಹೋಗಲಿ, ಮಾತೂ ಹೋಗುತ್ತದೆ. ನಮ್ಮವರು "ಸ್ಮಶಾನಕ್ಕೆ ದಾರಿ ಬಿಡಿಸಿಕೊಡಬೇಕು" ಅಂತ ಬರೆದುಕೊಟ್ಟರೆ ಹೊಡೆಯುವವನು ರೂಢಿಯಂತೆ "ದಯಮಾಡಿ ಕೃಪೆ ತೋರಿ ದಾರಿ ಕಲ್ಪಿಸಿಕೊಡಬೇಕಾಗಿ ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುತ್ತೇವೆ" ಅಂತ ಮಾಡುತ್ತಾನೆ. ಕೇಳಲು ಹೋದವನು ಬೇಡುವವನಾಗಿ ಹೊರಬರುತ್ತಾನೆ. ಅವನಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಕೀಲಿಮಣೆ ಯಾರ ಕೈಯಲ್ಲಿದೆಯೋ ವಾಕ್ಯ ಅವರದೇ ಆಗುತ್ತದೆ. ನಮ್ಮ ವಾಕ್ಯ ನಮ್ಮದಾಗಿ ಉಳಿಯಬೇಕಾದರೆ ಹೊಡೆಯುವ ಬೆರಳೂ ನಮ್ಮದೇ ಆಗಬೇಕು.

ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಹೊರಡಿಸಿದರು. 1927ರಲ್ಲಿ 'ಬಹಿಷ್ಕೃತ ಭಾರತ'. ಅಚ್ಚುಮೊಳೆ ಮೇಲ್ಜಾತಿಯವರ ಕೈಯಲ್ಲಿದೆ, ಅದು ನಮಗೆ ಬೇಡ ಅಂತ ಅವರು ಸುಮ್ಮನೆ ಕೂರಲಿಲ್ಲ. ಮೂಕರಿಗೆ ಬಾಯಿ ಬೇಕಿತ್ತು, ಆ ಕಾಲದ ಬಾಯಿ ಅಚ್ಚಿನಲ್ಲಿತ್ತು, ಹಿಡಿದುಕೊಂಡರು. ಈ ಕಾಲದ ಬಾಯಿ ಎಲ್ಲಿದೆ ಅಂತ ನಾವೂ ನೋಡಬೇಕು.

ಒಂದು ಉದಾಹರಣೆ ತಗೊಳ್ಳಿ. 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು, ಕಾಯ್ದೆಯ ಆರನೇ ಕಲಮೇ ಹಾಗೆ ಹೇಳುತ್ತದೆ. ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ 2008ರಲ್ಲಿ ಒಂದು ನಿಯಮ ಸೇರಿಸಿದರು: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಕ್ಕಿಂತ ಹೆಚ್ಚಿರಬಾರದು. ಕೈಯಲ್ಲಿ ಬರೆದವನು ಬೆರಳು ಮಡಿಸಿ ಎಣಿಸಬೇಕು. ಕಂಪ್ಯೂಟರಿನಲ್ಲಿ ಹೊಡೆದರೆ ಪದ ಎಷ್ಟಾಯಿತು ಅಂತ ಅದೇ ಹೇಳುತ್ತದೆ. ಕನ್ನಡದಲ್ಲಿ ನಮಗೆ ಲಾಭವೂ ಉಂಟು. ಇಂಗ್ಲಿಷಿನಲ್ಲಿ ಆರೇಳು ಪದ ತಿನ್ನುವ ಮಾತು 'ಹಾಸ್ಟೆಲಿನಲ್ಲಿರುವವರಿಗೆಲ್ಲ' ಅಂದರೆ ಒಂದೇ ಪದ! ಹಾಸ್ಟೆಲಿಗೆ ಬಂದ ಅಕ್ಕಿ ಎಷ್ಟು, ಬೆಡ್‌ಶೀಟು ಎಷ್ಟು, ಖರ್ಚಾದದ್ದು ಎಷ್ಟು ಅಂತ ಒಮ್ಮೆ ಹೊಡೆದಿಟ್ಟುಕೊಂಡ ಅರ್ಜಿಯನ್ನು ತಾರೀಖು ಬದಲಿಸಿ ಹತ್ತು ಹಾಸ್ಟೆಲಿನ ಹುಡುಗರು ಹಾಕಬಹುದು. ಇದು ಸ್ಟೆನ್ಸಿಲ್‌ನಲ್ಲಿ ಸಾಧ್ಯವಿತ್ತೇ?

2017ರಲ್ಲಿ ಇನ್ನೊಂದು ಬಂತು. ಬಾಯಲ್ಲಿ ಹೇಳಿದರೆ ಫೋನು ಬರೆದುಕೊಳ್ಳುವುದು. ಗೂಗಲ್ ಆ ವರ್ಷದ ಆಗಸ್ಟ್‌ನಲ್ಲಿ ಅದಕ್ಕೆ ಕನ್ನಡವನ್ನೂ ಸೇರಿಸಿತು. ಕಾಗುಣಿತಕ್ಕೆ ಹೆದರಿ ಬರೆಯುವುದನ್ನೇ ಬಿಟ್ಟವರಿಗೆ, ಕಣ್ಣು ಮಂಜಾದ ಹಿರಿಯರಿಗೆ ಇದು ದೊಡ್ಡ ಆಸರೆ. ಆದರೆ ಇಲ್ಲಿ ನಾನು 'ಪೂರ್ತಿ ಬೇಕು' ಅನ್ನುವುದಿಲ್ಲ. ಅದಕ್ಕೆ ಹಿಡಿಸುವುದು ಪುಸ್ತಕದ ಕನ್ನಡ. 'ಓಗವ್ನೆ, ಬತ್ತಾನೆ, ಏನ್ಲಾ' ಅನ್ನೋ ನಮ್ಮ ಕಡೆಯ ಮಾತನ್ನು ಅದು ತಡವರಿಸುತ್ತಾ ಕೇಳುತ್ತದೆ, ಎಷ್ಟೋ ಸಲ ಇನ್ನೇನನ್ನೋ ಬರೆಯುತ್ತದೆ. ನಮ್ಮ ಮಾತನ್ನು ಮಾತೇ ಅಲ್ಲ ಅಂದವರನ್ನು ಶಾಲೆಯಲ್ಲಿ ಕಂಡಿದ್ದೇವೆ, ಈಗ ಅದನ್ನೇ ಯಂತ್ರದಿಂದ ಕೇಳಿಸಿಕೊಳ್ಳಬೇಕೇ? ಆದ್ದರಿಂದ ಅದರಲ್ಲಿ ಹೇಳಿ, ಆದರೆ ಕಳಿಸುವ ಮುಂಚೆ ಒಂದೊಂದು ಪದ ಓದಿ. ಹೆಸರು, ಸರ್ವೆ ನಂಬರು, ತಾರೀಖು ಎರಡು ಸಲ ಓದಿ. ನಾಳೆ ಅದು ನಮ್ಮ ಮಾತು ಕಲಿತರೆ ಆಗ ಮತ್ತೆ ನೋಡೋಣ.

ಉಳಿದ ಐಬುಗಳನ್ನೂ ಮುಚ್ಚಿಡಬಾರದು. ನಮ್ಮ ದಿನದ ಪದವಾದ 'ರ‍್ಯಾಲಿ' ಬರೆಯಲು ಹೊರಟರೆ ಎಷ್ಟೋ ಫೋನಿನಲ್ಲಿ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಓಡುತ್ತದೆ. ಡಿಟಿಪಿ ಅಂಗಡಿಗಳಲ್ಲಿ ಹಲವರು ಇನ್ನೂ ಪೇಜ್‌ಮೇಕರ್ ಬಳಸುತ್ತಾರೆ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ನಾವು ಹೊಸದರಲ್ಲಿ ಹೊಡೆದುಕೊಟ್ಟದ್ದನ್ನು ಅವರು ಹಳೆಯ ಫಾಂಟಿಗೆ ಇಳಿಸುತ್ತಾರೆ, ಇಳಿಸುವಾಗ ಒತ್ತು ದೀರ್ಘ ಬೀಳುತ್ತವೆ. ಮುಖವಾಡದ ಕಾಲದಲ್ಲಿ ಹೊಡೆದ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ, ತಿರುಗಿಸಿದ ಮೇಲೆ ಕಣ್ಣಿಟ್ಟು ತಿದ್ದಬೇಕು. ಇವನ್ನೆಲ್ಲ ಹೇಳುವುದು ಯಾಕೆ? ಹೊಸದನ್ನು ಹೊಗಳುವ ಭರದಲ್ಲಿ ಕಣ್ಣು ಮುಚ್ಚಿಕೊಂಡರೆ, ಹಳೆಯದನ್ನು ಹಿಡಿದು ಕಣ್ಣು ಮುಚ್ಚಿಕೊಂಡವರಿಗೂ ನಮಗೂ ಏನು ವ್ಯತ್ಯಾಸ?

ಇನ್ನೊಂದು ಮಾತು ಮುಖ್ಯ. ಈ ಸುಧಾರಣೆ ತಾನಾಗಿ ಬರಲಿಲ್ಲ. ಕೆ. ಪಿ. ರಾವ್ ಅಂಥವರು ತಲೆ ಕೆಡಿಸಿಕೊಂಡರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕೂತು ಕನ್ನಡ ತಂತ್ರಾಂಶದ ಬಗ್ಗೆ ಸರ್ಕಾರವನ್ನು ಬಿಡದೆ ಕಾಡಿದರು. ಹೆಸರು ಗೊತ್ತಿಲ್ಲದ ಎಷ್ಟೋ ಎಂಜಿನಿಯರ್ ಹುಡುಗ ಹುಡುಗಿಯರು ಕಾಸಿಲ್ಲದೆ ಫಾಂಟು ಮಾಡಿದರು. ಇವರೆಲ್ಲ 'ಕನ್ನಡ ಕೂರಲ್ಲ' ಅಂತ ಎದ್ದು ಹೋಗಲಿಲ್ಲ. ಎಲ್ಲಿ ಕೂರುವುದಿಲ್ಲ, ಯಾಕೆ ಕೂರುವುದಿಲ್ಲ ಅಂತ ಹೆಸರಿಟ್ಟು ಹೇಳಿದರು. 'ಬೇಡ' ಅನ್ನುವುದರಲ್ಲೂ ಎರಡು ಬಗೆ. ಮುಖ ತಿರುಗಿಸುವ ಬೇಡ ಒಂದು. ಕಾರಣ ಹೇಳುವ ಬೇಡ ಇನ್ನೊಂದು. ಮೊದಲನೆಯದರಿಂದ ಏನೂ ಬದಲಾಗದು. ಎರಡನೆಯದು ಯಂತ್ರವನ್ನೂ ಬದಲಿಸುತ್ತದೆ, ಆಮೇಲೆ ನಮ್ಮ ಮನಸ್ಸನ್ನೂ ಮರ್ಯಾದೆಯಿಂದ ಬದಲಿಸುತ್ತದೆ.

ಆದ್ದರಿಂದ ಗೆಳೆಯರೇ, ಒಂದು ಕೆಲಸ. ಪ್ರತಿ ಹಾಸ್ಟೆಲಿನಲ್ಲಿ ಇಬ್ಬರು ಮೂವರು ಕೂತು ಒಂದು ತಿಂಗಳು ದಿನಾ ಅರ್ಧ ಗಂಟೆ ಕನ್ನಡ ಕೀಲಿಮಣೆಗೆ ಬೆರಳು ಪಳಗಿಸಿಕೊಳ್ಳಿ. ಹುಡುಗಿಯರ ಹಾಸ್ಟೆಲಿನವರು ಇದರಲ್ಲಿ ಹಿಂದೆ ಬೀಳಬೇಡಿ, ಅರ್ಜಿಗಳು ನಿಮ್ಮಲ್ಲೇ ಹೆಚ್ಚು ಇವೆ. ಬೆರಳು ಪಳಗಿದ ಮೇಲೆ ನಿಮ್ಮೂರಿನ ಹಿರಿಯ ಕಾರ್ಯಕರ್ತರ ಮನೆಗೆ ಹೋಗಿ. ಟ್ರಂಕಿನಲ್ಲಿ, ಅಟ್ಟದಲ್ಲಿ ಹಳೆಯ ಕರಪತ್ರಗಳು ಹಳದಿಯಾಗಿ, ಮಡಿಕೆಯಲ್ಲಿ ಹರಿದು ಬಿದ್ದಿವೆ. ಸೈಕ್ಲೋಸ್ಟೈಲ್ ಮಸಿ ಮಾಸುತ್ತಿದೆ. ಯಾವ ಕೇರಿಯಲ್ಲಿ ಯಾವ ವರ್ಷ ಯಾರು ಏನು ಕೇಳಿದರು ಎಂಬ ಚರಿತ್ರೆ ಬೇರೆ ಯಾವ ಪುಸ್ತಕದಲ್ಲೂ ಇಲ್ಲ, ಅದರಲ್ಲೇ ಇದೆ. ಹಿರಿಯರು ಓದಲಿ, ನೀವು ಹೊಡೆಯಿರಿ. ಒಂದಕ್ಷರ ತಿದ್ದಬೇಡಿ. 'ಕೂಡದು' ಅಂತ ಇದ್ದರೆ 'ಕೂಡದು' ಅಂತಲೇ ಹೊಡೆಯಿರಿ. ಮೂರು ಕಡೆ ಇಟ್ಟುಕೊಳ್ಳಿ, ಒಂದು ಪ್ರತಿ ಆ ಹಿರಿಯರ ಮನೆಗೇ ಕೊಡಿ.

ಅಂದು ಅವರು ಗೀರಿದ ಸ್ಟೆನ್ಸಿಲ್ ಕೆಲವು ನೂರು ಪ್ರತಿ ಕೊಟ್ಟು ಹರಿದು ಹೋಯಿತು. ಆ ಮಾತಿಗೆ ಈಗ ಹರಿಯದ ಹಾಳೆ ಸಿಕ್ಕಿದೆ. ಅದನ್ನು ಬಳಸದಿರಲು ನಮ್ಮ ಹತ್ತಿರ ಇನ್ನು ಯಾವ ಕಾರಣ ಉಳಿದಿದೆ, ಹೇಳಿ.